ಒಂದೇ ಗೇಟು, ಎರಡು ಮನೆ: ಹಳೆಯ ಸೈಟಿಗೆ ವರ್ಡ್‌ಪ್ರೆಸ್ ಬ್ಲಾಗ್ ಜೋಡಿಸುವ ಬಗೆ

"ಸರ್, ನಮ್ಮ ವೆಬ್‌ಸೈಟಿಗೆ ಒಂದು ಬ್ಲಾಗ್ ಸೇರಿಸಿಕೊಡಿ. ಅರ್ಧ ದಿನದ ಕೆಲಸ ಅಲ್ವಾ?"

ಕೆಲವು ವರ್ಷಗಳ ಹಿಂದೆ ಒಂದು ಶಿಕ್ಷಣ ಟ್ರಸ್ಟಿನ ಕಚೇರಿಯಿಂದ ಹೀಗೆ ಫೋನ್ ಬಂತು. ನಾನೂ ಹೂಂ ಅಂದೆ. ಅವರ ಸೈಟು ಜೂಮ್ಲಾ ಅನ್ನುವ ತಂತ್ರಾಂಶದಲ್ಲಿತ್ತು. ಪ್ರವೇಶದ ವಿವರ, ಶುಲ್ಕದ ಪಟ್ಟಿ, ಫೋಟೋಗಳು, ಸಂಪರ್ಕದ ಫಾರಂ ಎಲ್ಲ ಅಲ್ಲೇ. ಬರೆಯಬೇಕೆಂಬ ಆಸೆ ಇದ್ದ ನಾಲ್ಕು ಜನ ಮೇಷ್ಟ್ರುಗಳಿದ್ದರು. ಅವರಿಗೆ ಕೈಗೆ ಹತ್ತಿದ್ದು ವರ್ಡ್‌ಪ್ರೆಸ್. ಜೂಮ್ಲಾ ತೆರೆದರೆ ಎಲ್ಲಿ ಏನು ಒತ್ತಬೇಕೋ ತಿಳಿಯದೆ ಕೂರುತ್ತಿದ್ದರು. ಹಾಗಾಗಿ ಸೈಟು ಹಾಗೇ ಇರಲಿ, ಬ್ಲಾಗ್ ಮಾತ್ರ ವರ್ಡ್‌ಪ್ರೆಸ್‌ನಲ್ಲಿ ಇರಲಿ ಅಂತ ತೀರ್ಮಾನ ಆಯಿತು. ಓದುವವರಿಗೆ ಎರಡೂ ಒಂದೇ ಅನ್ನಿಸಬೇಕು. ಈ ಕೆಲಸ ಮುಗಿಯಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಕಲಿತದ್ದನ್ನು, ಆಮೇಲೆ ಇಂಥದ್ದೇ ಬೇರೆ ಸೈಟುಗಳಲ್ಲಿ ಕಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಕೋಡ್ ಬರೆಯಲು ಬಾರದವರೂ ಪುಟ ತುಂಬಿ, ತಿದ್ದಿ, ಪ್ರಕಟಿಸಲು ಇರುವ ವ್ಯವಸ್ಥೆಗೆ ಸಿಎಂಎಸ್ ಅನ್ನುತ್ತಾರೆ. ಜೂಮ್ಲಾ, ಡ್ರುಪಲ್, ಉಂಬ್ರಾಕೊ ಎಲ್ಲ ಇದೇ ಜಾತಿ. ವರ್ಡ್‌ಪ್ರೆಸ್ 2003ರಲ್ಲಿ ಹುಟ್ಟಿದ್ದು ಬರೀ ಬ್ಲಾಗ್ ಎಂಜಿನ್ ಆಗಿ. ಬಿ2 ಅನ್ನುವ ಹಳೆಯ ಬ್ಲಾಗ್ ತಂತ್ರಾಂಶವನ್ನು ತೆಗೆದುಕೊಂಡು ಮ್ಯಾಟ್ ಮುಲ್ಲನ್‌ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಬೆಳೆಸಿದರು. ಜೂಮ್ಲಾ 2005ರಲ್ಲಿ ಮ್ಯಾಂಬೊ ಅನ್ನುವ ಇನ್ನೊಂದು ಸಿಎಂಎಸ್‌ನಿಂದ ಕವಲೊಡೆದು ಬಂತು. ಎರಡಕ್ಕೂ ಅವುಗಳದ್ದೇ ಡೇಟಾಬೇಸು, ಅವುಗಳದ್ದೇ ಬಳಕೆದಾರರ ಪಟ್ಟಿ, ಅವುಗಳದ್ದೇ ವಿಳಾಸದ ನಿಯಮ. ಎರಡೂ ತಾನೇ ಮನೆ ಯಜಮಾನ ಅಂದುಕೊಂಡು ಕಟ್ಟಿದಂಥವು. ತೊಂದರೆಯ ಬೇರು ಇಲ್ಲೇ ಇದೆ. ಸೈಟಿಗೆ ಬ್ಲಾಗ್ ಸೇರಿಸುವುದೆಂದರೆ ಮನೆಗೆ ಒಂದು ಕೋಣೆ ಕಟ್ಟಿದ ಹಾಗಲ್ಲ. ಒಂದೇ ಕಾಂಪೌಂಡಿನಲ್ಲಿ ಎರಡನೇ ಮನೆ ಕಟ್ಟಿದ ಹಾಗೆ. ಗೇಟು ಒಂದೇ ಇರಲಿ, ಬಣ್ಣ ಒಂದೇ ಇರಲಿ. ಆದರೆ ಗೋಡೆಗಳನ್ನು ಒಡೆದು ಸೇರಿಸಲು ಹೋಗಬೇಡಿ.

ಬೇರೆ ಎಂಜಿನ್ ಬೇಕೇ ಅನ್ನುವ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ. ಜೂಮ್ಲಾದಲ್ಲಿ ಒಂದು ವರ್ಗ ಮಾಡಿ, ಅದನ್ನು ಬ್ಲಾಗ್ ರೀತಿ ತೋರಿಸುವ ಮೆನು ಇಡಬಹುದು. ಡ್ರುಪಲ್‌ನಲ್ಲಿ 7ನೇ ಆವೃತ್ತಿಯವರೆಗೆ ಬ್ಲಾಗಿಗೆಂದೇ ಒಂದು ಮಾಡ್ಯೂಲ್ ಜೊತೆಯಲ್ಲೇ ಬರುತ್ತಿತ್ತು. 8ರಲ್ಲಿ ಅದನ್ನು ತೆಗೆದರು. ಮಾಮೂಲಿ ಲೇಖನಗಳ ಪಟ್ಟಿಯಲ್ಲೇ ಆ ಕೆಲಸ ಆಗುತ್ತದೆ. ತಿಂಗಳಿಗೆ ಎರಡು ಬರಹ, ಬರೆಯುವವರು ಒಬ್ಬರೇ ಅಂತಾದರೆ ಇರುವುದರಲ್ಲೇ ಮಾಡಿಕೊಳ್ಳಿ. ನಾನು ನಾಲ್ಕೈದು ಕಡೆ ಹೀಗೆ ಹೇಳಿ ವಾಪಸ್ ಬಂದಿದ್ದೇನೆ. ಬರೆಯುವವರು ಹಲವರಿದ್ದು, ಕರಡು ಓದಿ ತಿದ್ದುವವರು ಬೇರೆ ಇದ್ದು, ಮುಂದಿನ ವಾರದ್ದನ್ನು ಇಂದೇ ಇಟ್ಟುಬಿಡಬೇಕು ಅನ್ನುವ ಕಡೆ ಮಾತ್ರ ಬೇರೆ ಎಂಜಿನ್ನಿನ ಖರ್ಚು ಗಿಟ್ಟುತ್ತದೆ.

ವಿಳಾಸ ಮೊದಲು

ಬಣ್ಣ ನಾಳೆ ಬದಲಿಸಬಹುದು. ವಿಳಾಸ ಹಾಗಲ್ಲ. ಒಮ್ಮೆ ಜನ ವಾಟ್ಸಾಪಿನಲ್ಲಿ ಹಂಚಿಕೊಂಡ ಮೇಲೆ, ಗೂಗಲ್ ಓದಿಕೊಂಡ ಮೇಲೆ, ಬದಲಿಸಿದರೆ ಪ್ರತಿ ಹಳೆಯ ಕೊಂಡಿಯನ್ನೂ ಹೊಸದಕ್ಕೆ ತಿರುಗಿಸಬೇಕು. ವರ್ಷಗಟ್ಟಲೆ ಆ ತಿರುವನ್ನು ಉಳಿಸಿಕೊಳ್ಳಬೇಕು. ಹಾಗಾಗಿ ಮೊದಲ ದಿನವೇ ಕೂತು ಇದನ್ನು ತೀರ್ಮಾನಿಸಿ.

ಎರಡು ದಾರಿ ಇವೆ. ಸೈಟಿನ ಹೆಸರಿನ ಮುಂದೆ 'ಬ್ಲಾಗ್' ಅಂತ ಬರೆದು ಚುಕ್ಕಿ ಹಾಕುವುದು ಸಬ್‌ಡೊಮೇನ್. ಸೈಟಿನ ಹೆಸರಾದ ಮೇಲೆ ಓರೆಗೆರೆ ಎಳೆದು 'ಬ್ಲಾಗ್' ಅನ್ನುವುದು ಸಬ್‌ಫೋಲ್ಡರ್. ಸಬ್‌ಡೊಮೇನ್ ಸುಲಭ. ಯಾವ ಹೆಸರು ಯಾವ ಸರ್ವರಿಗೆ ಅಂತ ಹೇಳುವ ಡಿಎನ್‌ಎಸ್ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ ಬೇರೆ ಸರ್ವರಿನ ಕಡೆ ಕೈ ತೋರಿಸಿದರೆ ಮುಗಿಯಿತು. ಸಬ್‌ಫೋಲ್ಡರ್ ಆದರೆ ಹುಡುಕಾಟದಲ್ಲಿ ಮುಂದೆ ಬರುತ್ತದೆ ಅಂತ ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ, ಮಾಡುವವರು ಒತ್ತಿ ಹೇಳುತ್ತಾರೆ. ಗೂಗಲ್ ಕಡೆಯವರು ಎರಡೂ ಸರಿ, ನಿಮಗೆ ಅನುಕೂಲವಾದದ್ದು ಮಾಡಿ ಅಂತಲೇ ಹೇಳುತ್ತಾ ಬಂದಿದ್ದಾರೆ. ನನ್ನ ಮಟ್ಟಿಗೆ ಇದನ್ನು ತೀರ್ಮಾನಿಸಬೇಕಾದ್ದು ಎಸ್‌ಇಒ ಅಲ್ಲ, ಸುರಕ್ಷತೆ.

ಯಾಕೆ ಅಂದರೆ, ಬ್ರೌಸರಿನ ಕಣ್ಣಿಗೆ ಒಂದು ಡೊಮೇನಿನ ಕೆಳಗಿರುವ ಫೋಲ್ಡರುಗಳೆಲ್ಲ ಒಂದೇ ಸೈಟು. ಬ್ಲಾಗಿಗೆ ಹೊರಗಿನಿಂದ ಸೇರಿಸಿಕೊಂಡ ಯಾವುದೋ ತುಂಡು ತಂತ್ರಾಂಶದಲ್ಲಿ, ಅಂದರೆ ಪ್ಲಗಿನ್‌ನಲ್ಲಿ, ತೂತು ಸಿಕ್ಕಿ ಯಾರೋ ಒಂದು ಕೆಟ್ಟ ಸ್ಕ್ರಿಪ್ಟು ತೂರಿಸಿದರು ಅಂತಿಟ್ಟುಕೊಳ್ಳಿ. ಮುಖ್ಯ ಸೈಟಿನಲ್ಲಿ ಲಾಗಿನ್ ಆಗಿರುವ ಕಚೇರಿಯ ಗುಮಾಸ್ತರು ಆ ಬ್ಲಾಗ್ ಪುಟ ತೆರೆದರೆ ಸಾಕು, ಸ್ಕ್ರಿಪ್ಟು ಅವರ ಹೆಸರಿನಲ್ಲೇ ಮುಖ್ಯ ಸೈಟಿನಲ್ಲಿ ಕೆಲಸ ಮಾಡಬಲ್ಲದು. ಸಬ್‌ಡೊಮೇನ್ ಆದರೆ ಬ್ರೌಸರು ಅದನ್ನು ಬೇರೆ ಸೈಟೆಂದು ಎಣಿಸಿ ತಡೆಯುತ್ತದೆ. ಮುಖ್ಯ ಸೈಟಿನಲ್ಲಿ ಹಣ ಕಟ್ಟುವುದೋ, ವಿದ್ಯಾರ್ಥಿಗಳ ಅಂಕಪಟ್ಟಿಯೋ ಇದ್ದರೆ ಕಣ್ಣುಮುಚ್ಚಿ ಸಬ್‌ಡೊಮೇನ್ ತೆಗೆದುಕೊಳ್ಳಿ. ನಮ್ಮ ಟ್ರಸ್ಟಿನಲ್ಲಿ ಶುಲ್ಕ ಕಟ್ಟುವುದು ಬ್ಯಾಂಕಿನ ಪುಟದಲ್ಲಿತ್ತು. ಸೈಟಿನಲ್ಲಿ ಬರೀ ಮಾಹಿತಿ. ಎಲ್ಲ ಒಂದೇ ವಿಳಾಸದ ಕೆಳಗೆ ಇರಬೇಕು ಅನ್ನುವುದು ಅವರ ಆಸೆಯೂ ಆಗಿತ್ತು. ಹಾಗಾಗಿ ಸಬ್‌ಫೋಲ್ಡರ್ ಹಿಡಿದೆವು.

ಸಬ್‌ಫೋಲ್ಡರಿನಲ್ಲಿ ಮತ್ತೆ ಎರಡು ಬಗೆ. ಜೂಮ್ಲಾ ಇರುವ ಸರ್ವರಿನಲ್ಲೇ 'ಬ್ಲಾಗ್' ಅನ್ನುವ ನಿಜವಾದ ಫೋಲ್ಡರು ಮಾಡಿ ಅದರೊಳಗೆ ವರ್ಡ್‌ಪ್ರೆಸ್ ಇಡುವುದು ಒಂದು. ಇದು ಹೇಗೆ ನಡೆಯುತ್ತದೆ ಅಂದರೆ, ಸರ್ವರಿಗೆ ದಾರಿ ಹೇಳುವ ಜೂಮ್ಲಾದ ಎಚ್‌ಟಿಆಕ್ಸೆಸ್ ಕಡತದಲ್ಲಿ ಒಂದು ನಿಯಮ ಇರುತ್ತದೆ. ಕೇಳಿದ ಹೆಸರಿನ ಫೈಲೋ ಫೋಲ್ಡರೋ ನಿಜವಾಗಿ ಇದ್ದರೆ ಅದನ್ನೇ ಕೊಡು, ಇಲ್ಲದಿದ್ದರೆ ಮಾತ್ರ ಜೂಮ್ಲಾಗೆ ಕಳಿಸು ಅಂತ. ಫೋಲ್ಡರು ಇದೆಯಲ್ಲ, ಅಲ್ಲಿಗೆ ಬಂದವರು ನೇರವಾಗಿ ವರ್ಡ್‌ಪ್ರೆಸ್‌ಗೆ ಹೋಗುತ್ತಾರೆ. ಜೂಮ್ಲಾಗೆ ಗೊತ್ತೂ ಆಗುವುದಿಲ್ಲ. ಮೊದಲೇ 'ಬ್ಲಾಗ್' ಅನ್ನುವ ಹೆಸರಿನ ಜೂಮ್ಲಾ ಪುಟ ಇದ್ದರೆ ಮಾತ್ರ ಅದು ಅವತ್ತಿನಿಂದ ಯಾರಿಗೂ ಕಾಣದು. ಫೋಲ್ಡರೇ ಗೆಲ್ಲುತ್ತದೆ.

ಇದರಲ್ಲಿ ಅಪಾಯವೂ ಇದೆ. ಸಾಮಾನ್ಯ ಹೋಸ್ಟಿಂಗ್‌ನಲ್ಲಿ ಎರಡನ್ನೂ ಓಡಿಸುವುದು ಒಬ್ಬನೇ ಬಳಕೆದಾರ. ವರ್ಡ್‌ಪ್ರೆಸ್‌ಗೆ ಕಳ್ಳ ನುಗ್ಗಿದರೆ ಪಕ್ಕದ ಜೂಮ್ಲಾದ ಕಾನ್ಫಿಗರೇಷನ್ ಕಡತವನ್ನೂ ತೆರೆದು ಡೇಟಾಬೇಸಿನ ಪಾಸ್‌ವರ್ಡ್ ಓದಿಕೊಳ್ಳುತ್ತಾನೆ. ಒಂದು ಮನೆಗೆ ಕನ್ನ ಹಾಕಿದವನಿಗೆ ಎರಡು ಮನೆ ಸಿಕ್ಕಿದ ಹಾಗೆ.

ಅದಕ್ಕೇ ನನಗೆ ಎರಡನೇ ಬಗೆಯೇ ಇಷ್ಟ. ಅದಕ್ಕೆ ರಿವರ್ಸ್ ಪ್ರಾಕ್ಸಿ ಅನ್ನುತ್ತಾರೆ. ಗೇಟಿನಲ್ಲಿ ಎಂಜಿನ್‌ಎಕ್ಸ್ ಥರದ ಒಂದು ಸರ್ವರನ್ನು ಕೂರಿಸುತ್ತೇವೆ. ಬಂದವರು ಕೇಳುವ ವಿಳಾಸ 'ಬ್ಲಾಗ್' ಅಂತ ಶುರುವಾದರೆ ಅದು ವರ್ಡ್‌ಪ್ರೆಸ್ ಇರುವ ಯಂತ್ರಕ್ಕೆ ಕಳಿಸುತ್ತದೆ. ಉಳಿದದ್ದೆಲ್ಲ ಜೂಮ್ಲಾಗೆ. ಓದುವವರಿಗೆ ಕಾಣುವುದು ಒಂದೇ ವಿಳಾಸ. ಹಿಂದೆ ಎರಡು ಯಂತ್ರಗಳಿದ್ದರೂ ಇರಬಹುದು, ಒಂದೇ ಯಂತ್ರದಲ್ಲಿ ಬೇರೆ ಬೇರೆ ಬಳಕೆದಾರರ ಕೆಳಗಿದ್ದರೂ ಇರಬಹುದು. ಬ್ರೌಸರಿನ ಒಳಗಿನ ಅಪಾಯ ಇದರಿಂದ ಹೋಗುವುದಿಲ್ಲ, ಆದರೆ ಸರ್ವರಿನ ಗೋಡೆ ಗಟ್ಟಿಯಾಗುತ್ತದೆ.

ಪ್ರಾಕ್ಸಿ ಹಾಕಿದವರೆಲ್ಲ ಒಮ್ಮೆಯಾದರೂ ಎಡವುವ ಜಾಗ ಒಂದಿದೆ. ಎಚ್‌ಟಿಟಿಪಿಎಸ್ ಬೀಗ ಇರುವುದು ಗೇಟಿನಲ್ಲಿ. ಗೇಟಿನಿಂದ ಒಳಗಿನ ವರ್ಡ್‌ಪ್ರೆಸ್‌ಗೆ ಮಾತು ಹೋಗುವುದು ಬೀಗವಿಲ್ಲದ ಎಚ್‌ಟಿಟಿಪಿಯಲ್ಲಿ. ವರ್ಡ್‌ಪ್ರೆಸ್ ಅದನ್ನು ನೋಡಿ 'ಇವರು ಬೀಗವಿಲ್ಲದ ದಾರಿಯಲ್ಲಿ ಬಂದಿದ್ದಾರೆ, ಎಚ್‌ಟಿಟಿಪಿಎಸ್‌ಗೆ ಕಳಿಸೋಣ' ಅಂದುಕೊಳ್ಳುತ್ತದೆ. ಬ್ರೌಸರು ಮತ್ತೆ ಗೇಟಿಗೆ ಬರುತ್ತದೆ. ಗೇಟು ಮತ್ತೆ ಎಚ್‌ಟಿಟಿಪಿಯಲ್ಲೇ ಒಳಗೆ ಕಳಿಸುತ್ತದೆ. ಹೀಗೇ ಸುತ್ತಿ ಸುತ್ತಿ ಕೊನೆಗೆ ಬ್ರೌಸರು ಸಾಕಪ್ಪಾ ಅಂತ ನಿಲ್ಲಿಸುತ್ತದೆ. ಪರಿಹಾರ ಚಿಕ್ಕದು. ಬಂದವರು ಎಚ್‌ಟಿಟಿಪಿಎಸ್‌ನಲ್ಲೇ ಬಂದದ್ದು ಅಂತ ಗೇಟು ಒಂದು ಚೀಟಿ, ಅಂದರೆ ಹೆಡರ್, ಜೊತೆಗೆ ಕಳಿಸಬೇಕು. ಆ ಚೀಟಿಯನ್ನು ನಂಬು ಅಂತ ವರ್ಡ್‌ಪ್ರೆಸ್‌ನ ಕಾನ್ಫಿಗ್ ಕಡತದಲ್ಲಿ ಎರಡು ಮೂರು ಸಾಲು ಬರೆಯಬೇಕು. ಜೊತೆಗೆ ಒಳಗಿನ ಯಂತ್ರದಲ್ಲೂ ವರ್ಡ್‌ಪ್ರೆಸ್ ಅನ್ನು 'ಬ್ಲಾಗ್' ಅನ್ನುವ ಫೋಲ್ಡರಿನಲ್ಲೇ ಇಡಿ. ಹೊರಗೂ ಒಳಗೂ ದಾರಿ ಒಂದೇ ಆದರೆ ಗೇಟು ಯಾವ ವಿಳಾಸವನ್ನೂ ಕತ್ತರಿಸಿ ಅಂಟಿಸಬೇಕಿಲ್ಲ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಕನ್ನಡದ ತಲೆಬರಹ, 22 ಅಕ್ಷರದ ಮಿತಿ

ವಿಳಾಸದ ಮಾತು ಬಂದಾಗ ಕನ್ನಡದಲ್ಲಿ ಬರೆಯುವವರು ತಿಳಿದಿರಲೇಬೇಕಾದ ಒಂದು ವಿಷಯ ಇದೆ. ಇಂಗ್ಲಿಷಿನ ಪಾಠಗಳಲ್ಲಿ ಇದು ಸಿಗುವುದು ಕಡಿಮೆ.

ಬರಹದ ತಲೆಬರಹದಿಂದ ವರ್ಡ್‌ಪ್ರೆಸ್ ತಾನೇ ವಿಳಾಸದ ಕೊನೆಯ ತುಂಡು ಮಾಡಿಕೊಳ್ಳುತ್ತದೆ. ಅದಕ್ಕೆ ಸ್ಲಗ್ ಅನ್ನುತ್ತಾರೆ. ಡೇಟಾಬೇಸಿನಲ್ಲಿ ಸ್ಲಗ್‌ಗೆ ಇರುವ ಜಾಗ 200 ಅಕ್ಷರ. ಸಾಕಷ್ಟಾಯಿತಲ್ಲ ಅನ್ನಿಸುತ್ತದೆ. ಆದರೆ ವಿಳಾಸದಲ್ಲಿ ಕನ್ನಡ ಇದ್ದ ಹಾಗೇ ಕೂರುವುದಿಲ್ಲ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ ಮೂರು ಬೈಟು ಹಿಡಿಯುತ್ತದೆ. ಪ್ರತಿ ಬೈಟನ್ನೂ ಒಂದು ಶೇಕಡಾ ಗುರುತು ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬರೆಯುತ್ತಾರೆ. ಅಂದರೆ ಒಂದು 'ಕ'ಗೆ 9 ಜಾಗ. 'ಕನ್ನಡ' ಅನ್ನುವ ಪದದಲ್ಲಿ ಕ, ನ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ (್), ಮತ್ತೆ ನ, ಡ ಸೇರಿ ಐದು ತುಂಡು. 45 ಜಾಗ. 200ರಲ್ಲಿ ಹಿಡಿಯುವುದು ಹೆಚ್ಚೆಂದರೆ 22 ತುಂಡು.

ಒಂದು ತಲೆಬರಹ ತೆಗೆದುಕೊಳ್ಳಿ: 'ಕೆರೆಯ ಹೂಳು ತೆಗೆಯುವಾಗ ನೋಡಬೇಕಾದ ಸಂಗತಿಗಳು'. ಕೆರೆಯ ಅನ್ನುವುದಕ್ಕೆ 5 ತುಂಡು, ಹೂಳು 4, ತೆಗೆಯುವಾಗ 9. ಒಟ್ಟು 18, ಅಂದರೆ 162 ಜಾಗ. ನಡುವಿನ ಅಡ್ಡಗೆರೆಗಳು 3. 165 ಆಯಿತು. ಉಳಿದ 35ರಲ್ಲಿ ಮೂರೇ ತುಂಡು ಹಿಡಿಯುತ್ತದೆ. ಹಾಗಾಗಿ ಸ್ಲಗ್ 'ಕೆರೆಯ-ಹೂಳು-ತೆಗೆಯುವಾಗ-ನೋಡ' ಅಂತ ನಿಂತುಬಿಡುತ್ತದೆ. ವಾಟ್ಸಾಪಿಗೆ ಅಂಟಿಸಿದರೆ ಎಷ್ಟೋ ಸಲ ಮೂರ್ನಾಲ್ಕು ಸಾಲಿನ ಶೇಕಡಾ ಗುರುತುಗಳ ಸರಮಾಲೆ ಬರುತ್ತದೆ. ಓದುವವರು ಅದನ್ನು ನೋಡಿ ವೈರಸ್ಸೋ ಏನೋ ಅಂತ ಮುಟ್ಟುವುದೇ ಇಲ್ಲ.

ಜೂಮ್ಲಾದ ರೀತಿ ಇನ್ನೊಂದು. ಯೂನಿಕೋಡ್ ಅಲಿಯಾಸ್ ಅನ್ನುವ ಆಯ್ಕೆ ಆನ್ ಮಾಡದೇ ಇದ್ದರೆ ಅದು ಕನ್ನಡ ಅಕ್ಷರಗಳನ್ನೆಲ್ಲ ತೆಗೆದುಹಾಕುತ್ತದೆ. ಉಳಿಯುವುದು ಏನೂ ಇಲ್ಲ. ಆಗ ಆ ಹೊತ್ತಿನ ತಾರೀಕು ಮತ್ತು ಸಮಯವನ್ನೇ ವಿಳಾಸವಾಗಿ ಇಟ್ಟುಬಿಡುತ್ತದೆ. ಒಂದೇ ತಲೆಬರಹಕ್ಕೆ ಒಂದು ಮನೆಯಲ್ಲಿ ಅರ್ಧ ಹೆಸರು, ಇನ್ನೊಂದು ಮನೆಯಲ್ಲಿ ಬರೀ ಅಂಕಿ.

ನಾವು ಒಂದು ನಿಯಮ ಮಾಡಿಕೊಂಡೆವು. ತಲೆಬರಹ ಕನ್ನಡದಲ್ಲೇ ಇರಲಿ. ಸ್ಲಗ್ ಮಾತ್ರ ಇಂಗ್ಲಿಷ್ ಲಿಪಿಯಲ್ಲಿ ಎರಡು ಮೂರು ಪದ, ಕೈಯಾರೆ ಬರೆಯಬೇಕು. ಕೆರೆ, ಅಡ್ಡಗೆರೆ, ಹೂಳು. ಅಷ್ಟೇ. ಕನ್ನಡದ ವಿಳಾಸ ಚೆನ್ನ ಅನ್ನುವ ಆಸೆ ನನಗೂ ಇದೆ. ಆದರೆ ಮುರಿದ ಕನ್ನಡದ ವಿಳಾಸಕ್ಕಿಂತ ಪೂರ್ತಿ ಇರುವ ಚಿಕ್ಕ ವಿಳಾಸವೇ ಓದುಗರಿಗೆ ಒಳ್ಳೆಯದು.

ಕೋಡಿನೊಳಗೇ ಕೂಡಿಸುವ ಆಸೆ

ಈಗ ನನ್ನ ತಪ್ಪಿನ ಕಥೆ. ಮೂರು ವಾರದಲ್ಲಿ ಒಂದು ವಾರ ಇದಕ್ಕೇ ಹೋಯಿತು.

ಮುಖಪುಟದಲ್ಲಿ ಬ್ಲಾಗಿನ ಹೊಸ ಐದು ಬರಹಗಳ ಹೆಸರು ಬರಬೇಕಿತ್ತು. ವರ್ಡ್‌ಪ್ರೆಸ್‌ನಲ್ಲಿ ಡಬ್ಲ್ಯುಪಿ-ಲೋಡ್ ಅನ್ನುವ ಒಂದು ಕಡತ ಇದೆ. ಅದನ್ನು ಬೇರೆ ಪಿಎಚ್‌ಪಿ ಕೋಡಿನೊಳಗೆ ಎಳೆದುಕೊಂಡರೆ ವರ್ಡ್‌ಪ್ರೆಸ್‌ನ ಎಲ್ಲ ಫಂಕ್ಷನ್ನುಗಳೂ ಕೈಗೆ ಸಿಗುತ್ತವೆ. ಆಗಿನ್ನೂ ಪರೀಕ್ಷೆಗೆಂದು ಎರಡನ್ನೂ ಒಂದೇ ಸರ್ವರಿನಲ್ಲಿ ಇಟ್ಟಿದ್ದೆ. ಜೂಮ್ಲಾದಲ್ಲಿ ಒಂದು ಸಾಲು ಬರೆದೆ. ಪಟ್ಟಿ ಬಂತು. ಖುಷಿಯಾಯಿತು.

ಮರುದಿನ ಕಚೇರಿಯಿಂದ ಫೋನು. ಕರಾವಳಿ ಕಡೆಯ ಪಾಲಕರೊಬ್ಬರು ಸಂಪರ್ಕದ ಫಾರಂ ತುಂಬಿದ್ದರು. ಅವರ ಅಡ್ಡಹೆಸರು ಡಿ'ಸೋಜ. ಫಾರಂನಲ್ಲಿ ಆ ಮೇಲಿನ ಗುರುತಿನ ಮುಂದೆ ಒಂದು ಹಿಮ್ಮುಖ ಓರೆಗೆರೆ ಬಂದು ಕೂತಿತ್ತು. ಗುಮಾಸ್ತರು ಫೋನ್ ನಂಬರು ಸರಿಪಡಿಸಿ ಮತ್ತೆ ಸೇವ್ ಮಾಡಿದರು. ಗೆರೆ ಮೂರಾಯಿತು. ಇನ್ನೊಮ್ಮೆ ಸೇವ್ ಮಾಡಿದರು. ಏಳಾಯಿತು.

ಕಾರಣ ಹುಡುಕಲು ಎರಡು ದಿನ ಬೇಕಾಯಿತು. ಹಿಂದೆ ಪಿಎಚ್‌ಪಿ ಭಾಷೆಯಲ್ಲಿ ಮ್ಯಾಜಿಕ್ ಕೋಟ್ಸ್ ಅಂತ ಒಂದು ಪದ್ಧತಿ ಇತ್ತು. ಫಾರಂನಿಂದ ಬಂದ ಪಠ್ಯದಲ್ಲಿ ಇಂಥ ಗುರುತು ಕಂಡರೆ ಮುಂದೆ ಒಂದು ಹಿಮ್ಮುಖ ಓರೆಗೆರೆ ತಾನೇ ಹಾಕುತ್ತಿತ್ತು. ಅದರಿಂದ ಉಪಕಾರಕ್ಕಿಂತ ಗೊಂದಲವೇ ಜಾಸ್ತಿ ಅಂತ 2012ರಲ್ಲಿ ಬಂದ ಪಿಎಚ್‌ಪಿ 5.4ರಲ್ಲಿ ಅದನ್ನು ಕಿತ್ತುಹಾಕಿದರು. ಆದರೆ ಅಷ್ಟರಲ್ಲಿ ಎಷ್ಟೋ ಪ್ಲಗಿನ್‌ಗಳು ಆ ಗೆರೆ ಇದ್ದೇ ಇರುತ್ತದೆ ಅಂತ ನಂಬಿ ಬರೆದಾಗಿತ್ತು. ಹಾಗಾಗಿ ವರ್ಡ್‌ಪ್ರೆಸ್ ಶುರುವಾಗುವಾಗ ಇವತ್ತಿಗೂ ಆ ಗೆರೆಯನ್ನು ತಾನೇ ಸೇರಿಸಿಕೊಳ್ಳುತ್ತದೆ. ತನ್ನ ಮನೆಯಲ್ಲಿ ಅದನ್ನು ತೆಗೆಯುವ ಏರ್ಪಾಡೂ ಇದೆ. ಜೂಮ್ಲಾದ ಮನೆಯಲ್ಲಿ ಇಲ್ಲ. ಸೇವ್ ಮಾಡಿದಾಗಲೆಲ್ಲ ಹಳೆಯ ಗೆರೆಗಳಿಗೂ ಹೊಸ ಗೆರೆ ಸೇರಿ ಒಂದು ಮೂರಾಗಿ, ಮೂರು ಏಳಾಗಿತ್ತು.

ಯಾರದ್ದೂ ತಪ್ಪಲ್ಲ. ಎರಡೂ ತಮ್ಮ ತಮ್ಮ ಮನೆಯಲ್ಲಿ ಸರಿಯಾಗಿಯೇ ಇದ್ದವು. ಒಂದೇ ಅಡುಗೆಮನೆಗೆ ತಂದು ನಿಲ್ಲಿಸಿದವನು ನಾನು. ಅದಲ್ಲದೆ ಪ್ರತಿ ಪುಟಕ್ಕೂ ಎರಡು ಎಂಜಿನ್ ಶುರುವಾಗಬೇಕು, ಎರಡು ಡೇಟಾಬೇಸಿಗೆ ಸಂಪರ್ಕ ಆಗಬೇಕು. ಒಂದರ ಅಪ್‌ಡೇಟ್ ಕೆಟ್ಟರೆ ಇನ್ನೊಂದೂ ಬೀಳುತ್ತದೆ. ಆ ಸಾಲನ್ನು ಅಳಿಸಿ ಹಾಕಿದೆ.

ಸುದ್ದಿ ತರುವ ಸರಿಯಾದ ದಾರಿ

ಒಳಗೆ ನುಗ್ಗದೆ ಬಾಗಿಲಲ್ಲಿ ನಿಂತು ಕೇಳಬಹುದು. ವರ್ಡ್‌ಪ್ರೆಸ್‌ಗೆ ಇಂಥ ಬಾಗಿಲು ಎರಡಿವೆ. ಆರ್‌ಎಸ್‌ಎಸ್ ಫೀಡ್ ಹಳೆಯದು, ಸರಳ. ಕೇಳಿದರೆ ಹೊಸ ಹತ್ತು ಬರಹಗಳ ಹೆಸರು, ಕೊಂಡಿ, ಸಾರಾಂಶ ಕೊಡುತ್ತದೆ. ರೆಸ್ಟ್ ಎಪಿಐ ಹೊಸದು. 2016ರ ಡಿಸೆಂಬರಿನಲ್ಲಿ ಬಂದ 4.7ನೇ ಆವೃತ್ತಿಯಿಂದ ಬರಹಗಳನ್ನು ಹೀಗೆ ಕೇಳಿ ಪಡೆಯುವ ಸೌಲಭ್ಯ ವರ್ಡ್‌ಪ್ರೆಸ್ ಜೊತೆಯಲ್ಲೇ ಇದೆ. ಇಂಥ ವರ್ಗದ ಐದು ಬರಹ ಕೊಡು, ಚಿತ್ರದ ಸಮೇತ ಕೊಡು ಅಂತ ಕೇಳಬಹುದು. ಒಂದು ಸಲಕ್ಕೆ 100ರವರೆಗೆ ಕೊಡುತ್ತದೆ. ಬರೀ ಹೆಸರುಗಳ ಪಟ್ಟಿ ಸಾಕಾದರೆ ಆರ್‌ಎಸ್‌ಎಸ್ ಸಾಕು. ಫೋಟೋ, ಲೇಖಕರ ಹೆಸರು, ವರ್ಗ ಎಲ್ಲ ಬೇಕಾದರೆ ಎಪಿಐ.

ಎರಡರಲ್ಲೂ ಒಂದು ಶಿಸ್ತು ಬೇಕು. ಮುಖಪುಟ ತೆರೆದಾಗಲೆಲ್ಲ ಬ್ಲಾಗಿಗೆ ಹೋಗಿ ಕೇಳಬೇಡಿ. ಬ್ಲಾಗು ಅಪ್‌ಡೇಟ್ ಆಗುತ್ತಾ ನಿಂತಿದ್ದರೆ ಮುಖಪುಟವೂ ಉತ್ತರಕ್ಕಾಗಿ ಕಾಯುತ್ತಾ ನಿಲ್ಲುತ್ತದೆ. ಪ್ರವೇಶದ ಸಮಯದಲ್ಲಿ ಪಾಲಕರು ಖಾಲಿ ಪುಟ ನೋಡುತ್ತಾ ಕೂರಬೇಕು. ನಾವು ಮಾಡಿದ್ದು ಹೀಗೆ: 15 ನಿಮಿಷಕ್ಕೊಮ್ಮೆ ಮಾತ್ರ ಕೇಳುವುದು. ಮೂರು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಬಿಟ್ಟುಬಿಡುವುದು. ಹಿಂದಿನ ಸಲ ಬಂದ ಪಟ್ಟಿಯನ್ನೇ ತೋರಿಸುವುದು. ಪಟ್ಟಿ ಸ್ವಲ್ಪ ಹಳತಾದರೆ ಯಾರಿಗೂ ನಷ್ಟವಿಲ್ಲ.

ಇನ್ನು ತಾರೀಕು. ಹೊಸದಾಗಿ ಹಾಕಿದ ವರ್ಡ್‌ಪ್ರೆಸ್‌ನ ಗಡಿಯಾರ ಎಷ್ಟೋ ಸಲ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲೇ ಇರುತ್ತದೆ. ನಮಗಿಂತ ಐದೂವರೆ ಗಂಟೆ ಹಿಂದೆ. ಸೆಟ್ಟಿಂಗ್ಸ್‌ನಲ್ಲಿ ಕೋಲ್ಕತ ಅಂತ ಆರಿಸಬೇಕು. ಅದನ್ನು ಆರಿಸಿದ ಮೇಲೂ ಆರ್‌ಎಸ್‌ಎಸ್ ಫೀಡಿನಲ್ಲಿ ಸಮಯ ಯುಟಿಸಿಯಲ್ಲೇ ಬರುತ್ತದೆ. ರಾಜ್ಯೋತ್ಸವದ ದಿನ ಬೆಳಗಿನ ಜಾವ ನಾಲ್ಕಕ್ಕೆ ಒಂದು ಬರಹ ಹಾಕಿದಿರಿ ಅಂದುಕೊಳ್ಳಿ. ಫೀಡಿನಲ್ಲಿ ಅದು ಹಿಂದಿನ ರಾತ್ರಿ ಹತ್ತೂವರೆ. ತಾರೀಕನ್ನು ನಮ್ಮ ಸಮಯಕ್ಕೆ ತಿರುಗಿಸದೆ ಹಾಗೇ ತೋರಿಸಿದರೆ ಮುಖಪುಟದಲ್ಲಿ ಅಕ್ಟೋಬರ್ 31 ಅಂತ ಬರುತ್ತದೆ. ನಮ್ಮಲ್ಲೂ ಬಂತು. ಕನ್ನಡದ ಮೇಷ್ಟ್ರು ಬೇಜಾರು ಮಾಡಿಕೊಂಡದ್ದು ನ್ಯಾಯವೇ.

ನೋಟ ಮತ್ತು ಒತ್ತಕ್ಷರ

ಎರಡು ಮನೆಗೂ ಒಂದೇ ಬಣ್ಣ ಬಳಿಯುವುದು ಕಷ್ಟವಲ್ಲ. ಜೂಮ್ಲಾದ ಇಡೀ ಸ್ಟೈಲ್ ಕಡತವನ್ನು ವರ್ಡ್‌ಪ್ರೆಸ್‌ಗೆ ಸುರಿಯಬೇಡಿ. ಬಟನ್, ಕಂಟೇನರ್ ಥರದ ಹೆಸರುಗಳು ಎರಡೂ ಕಡೆ ಇರುತ್ತವೆ, ಒಂದರ ಮೇಲೊಂದು ಬಿದ್ದು ಎಲ್ಲ ಕದಡುತ್ತದೆ. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ, ಬಣ್ಣ, ಫಾಂಟು ಇಷ್ಟನ್ನು ಮಾತ್ರ ಒಂದು ಚೈಲ್ಡ್ ಥೀಮಿನಲ್ಲಿ, ಅಂದರೆ ಮೂಲ ವಿನ್ಯಾಸವನ್ನು ಮುಟ್ಟದೆ ಅದರ ಮೇಲೆ ಹಾಕುವ ಪದರದಲ್ಲಿ, ಮತ್ತೆ ಬರೆಯಿರಿ. ಮೆನು ಬದಲಾದರೆ ಎರಡು ಕಡೆ ತಿದ್ದಬೇಕಲ್ಲ ಅನ್ನಬಹುದು. ಹೌದು, ತಿದ್ದಬೇಕು. ಟ್ರಸ್ಟಿನ ಮೆನು ವರ್ಷಕ್ಕೆ ಎರಡು ಸಲ ಬದಲಾಗುತ್ತಿತ್ತು. ಅಷ್ಟಕ್ಕಾಗಿ ಎರಡು ಎಂಜಿನ್ನುಗಳನ್ನು ಹೊಲಿದು ಹಾಕುವುದು ಬೇಡ.

ನಿಜವಾಗಿ ಹೊತ್ತು ತಿಂದದ್ದು ಒತ್ತಕ್ಷರ. ಇಂಗ್ಲಿಷಿಗೆಂದು ಮಾಡಿದ ಥೀಮುಗಳಲ್ಲಿ ತಲೆಬರಹದ ಸಾಲುಗಳು ಒತ್ತೊತ್ತಾಗಿರುತ್ತವೆ. 'ಸ್ತ್ರೀ', 'ರಾಷ್ಟ್ರಪ್ರಶಸ್ತಿ' ಥರದ ಪದ ಬಂದರೆ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತದೆ. ಕಾರ್ಡಿನೊಳಗೆ ಇದ್ದರೆ ಕತ್ತರಿಸಿಯೇ ಹೋಗುತ್ತದೆ. ಸಾಲಿನ ಎತ್ತರವನ್ನು 1.2ರಿಂದ 1.6ಕ್ಕೆ ಏರಿಸಿದ ಮೇಲೆ ಓದುವ ಹಾಗಾಯಿತು. ಥೀಮು ಆರಿಸುವಾಗಲೇ ಇಂಥ ಒಂದು ತಲೆಬರಹ ಹಾಕಿ ನೋಡಿಬಿಡಿ.

ಒಂದೇ ಲಾಗಿನ್ ಬೇಕೇ?

ಎರಡು ಕಡೆಗೂ ಒಂದೇ ಪಾಸ್‌ವರ್ಡ್ ಇರಲಿ ಅಂತ ಎಲ್ಲರೂ ಕೇಳುತ್ತಾರೆ. ಬ್ಲಾಗ್ ಬರೆಯುವವರು ನಾಲ್ಕು ಜನ, ಸೈಟು ನೋಡಿಕೊಳ್ಳುವವರು ಇಬ್ಬರು. ಎರಡೂ ಕಡೆ ಕೆಲಸ ಇರುವುದು ಒಬ್ಬರಿಗೆ. ಅವರೊಬ್ಬರು ಎರಡು ಪಾಸ್‌ವರ್ಡ್ ಇಟ್ಟುಕೊಂಡರೆ ಸಾಕು ಅಂತ ನಾನು ಹಠ ಹಿಡಿದೆ.

ನೂರಾರು ಬಳಕೆದಾರರಿದ್ದರೆ ಮಾತು ಬೇರೆ. ಆಗ ಗುರುತು ಹೇಳುವ ಕೆಲಸವನ್ನು ಮೂರನೆಯವರಿಗೆ ಕೊಟ್ಟು, ಎರಡೂ ಸೈಟು ಅವರನ್ನೇ ಕೇಳುವ ಹಾಗೆ ಮಾಡುತ್ತಾರೆ. ಓಪನ್‌ಐಡಿ ಕನೆಕ್ಟ್, ಸ್ಯಾಮಲ್ ಎಲ್ಲ ಇದಕ್ಕೇ ಇರುವ ಪದ್ಧತಿಗಳು. ಒಂದು ಸೈಟಿನಿಂದ ಇನ್ನೊಂದರ ಡೇಟಾಬೇಸಿಗೆ ಕೈ ಹಾಕಿ ಪಾಸ್‌ವರ್ಡಿನ ಕಾಲಂ ಓದುವ ಅಡ್ಡದಾರಿ ಮಾತ್ರ ಬೇಡ. 2025ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.8ರಲ್ಲಿ ಪಾಸ್‌ವರ್ಡನ್ನು ಗುಟ್ಟಾಗಿ ಬರೆದಿಡುವ ರೀತಿಯೇ ಬದಲಾಯಿತು. ಹಳೆಯ ಪದ್ಧತಿ ಬಿಟ್ಟು ಬಿಕ್ರಿಪ್ಟ್ ಅನ್ನುವ ಪದ್ಧತಿಗೆ ಬಂದರು, ಅದಕ್ಕೆ ತಮ್ಮದೇ ಒಂದು ಮುನ್ನುಡಿ ಗುರುತೂ ಸೇರಿಸಿದರು. ಹಳೆಯ ರೂಪವನ್ನು ನಂಬಿ ಹೊರಗಿನಿಂದ ಓದುವ ಯಾವ ಕೋಡಿಗೂ ಹೊಸ ರೂಪ ಅರ್ಥವಾಗದು.

ಗೂಗಲ್‌ಗೆ ದಾರಿ ತೋರಿಸುವ ಕಡತಗಳಲ್ಲಿ ಒಂದು ಮಾತು ನೆನಪಿಡಿ. ಯಾವ ಪುಟ ಓದಬಹುದು, ಯಾವುದು ಬೇಡ ಅಂತ ಹೇಳುವ ರೋಬೋಟ್ಸ್ ಕಡತ ಡೊಮೇನಿನ ಬುಡದಲ್ಲಿ ಇದ್ದರೆ ಮಾತ್ರ ಲೆಕ್ಕ. ಸಬ್‌ಫೋಲ್ಡರಿನ ವರ್ಡ್‌ಪ್ರೆಸ್ ತನ್ನ ರೋಬೋಟ್ಸ್‌ನಲ್ಲಿ ಏನು ಹೇಳಿದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ. ಬ್ಲಾಗಿನ ಸೈಟ್‌ಮ್ಯಾಪಿನ, ಅಂದರೆ ಪುಟಗಳ ಪಟ್ಟಿಯ, ವಿಳಾಸವನ್ನು ಜೂಮ್ಲಾ ಕಡೆಯ ಕಡತದಲ್ಲೇ ಬರೆಯಬೇಕು.

ಹೊತ್ತಿಗೆ ಸರಿಯಾಗಿ

ಮುಂದಿನ ದಿನಕ್ಕೆಂದು ಇಟ್ಟ ಬರಹಗಳು ಹೊತ್ತಿಗೆ ಸರಿಯಾಗಿ ಬರದೇ ಇದ್ದದ್ದು ನಮ್ಮ ಕೊನೆಯ ತೊಂದರೆ. ವರ್ಡ್‌ಪ್ರೆಸ್‌ಗೆ ಸ್ವಂತ ಅಲಾರಂ ಇಲ್ಲ. ಯಾರಾದರೂ ಸೈಟಿಗೆ ಬಂದಾಗ ಎದ್ದು, ಬಾಕಿ ಕೆಲಸ ಏನಿದೆ ಅಂತ ನೋಡುತ್ತದೆ. ಆಗ ತನ್ನ ಹೊರಗಿನ ವಿಳಾಸಕ್ಕೇ ತಾನೇ ಕರೆ ಮಾಡಿಕೊಳ್ಳುತ್ತದೆ. ಪ್ರಾಕ್ಸಿಯ ಹಿಂದೆ ಇರುವ ಯಂತ್ರಕ್ಕೆ ಕೆಲವೊಮ್ಮೆ ಆ ಹೊರಗಿನ ವಿಳಾಸ ಸಿಗುವುದೇ ಇಲ್ಲ. ಬರಹದ ಪಕ್ಕ ಮಿಸ್ಡ್ ಷೆಡ್ಯೂಲ್ ಅಂತ ಕಾಣುತ್ತದೆ. ಈ ಒಳ ಏರ್ಪಾಡನ್ನು ಆಫ್ ಮಾಡಿ, ಸರ್ವರಿನ ಕ್ರಾನ್ ಅನ್ನುವ ಅಲಾರಂ ಐದು ನಿಮಿಷಕ್ಕೊಮ್ಮೆ ಎಬ್ಬಿಸುವ ಹಾಗೆ ಮಾಡಿದೆವು. ಆಮೇಲೆ ಒಂದೂ ತಪ್ಪಲಿಲ್ಲ.

2023ರ ಆಗಸ್ಟ್ 17ಕ್ಕೆ ಜೂಮ್ಲಾ 3ರ ಬೆಂಬಲ ನಿಂತಿತು. ಟ್ರಸ್ಟಿನ ಸೈಟು ಅದರಲ್ಲೇ ಇತ್ತು. ಹಳೆಯ ಟೆಂಪ್ಲೇಟು, ಎಕ್ಸ್‌ಟೆನ್ಷನ್ನುಗಳು ಜೂಮ್ಲಾ 4ರಲ್ಲಿ ಓಡುತ್ತಿರಲಿಲ್ಲ. ಮುಖ್ಯ ಸೈಟನ್ನು ಹೊಸದಾಗಿಯೇ ಕಟ್ಟಿದೆವು. ಬದಲಾವಣೆಯ ರಾತ್ರಿ ಮುಖಪುಟದಲ್ಲಿ 'ಕೆಲಸ ನಡೆಯುತ್ತಿದೆ' ಅನ್ನುವ ಫಲಕ ಹಾಕಿದ್ದೆವು. ಗೇಟಿನ ಎಂಜಿನ್‌ಎಕ್ಸ್‌ನಲ್ಲಿ ಜೂಮ್ಲಾ ಕಡೆಗೆ ಹೋಗುವ ಒಂದು ಸಾಲು ಬದಲಿಸಿದೆ. ಬ್ಲಾಗಿನ ಸಾಲನ್ನು ಮುಟ್ಟಲೇ ಇಲ್ಲ.

ಬೆಳಗ್ಗೆ ಆರಕ್ಕೆ, ಫಲಕ ಇನ್ನೂ ತೆಗೆಯುವ ಮೊದಲೇ, ವಿಜ್ಞಾನದ ಮೇಷ್ಟ್ರು ವಾರದ ಹಿಂದೆ ಇಟ್ಟಿದ್ದ ಬರಹ ಪ್ರಕಟವಾಯಿತು. ಏಳನೇ ತರಗತಿಯ ಮಕ್ಕಳು ಖಾಲಿ ಬಾಟಲಿಯಲ್ಲಿ ಮಳೆ ಅಳೆದ ಕಥೆ. ಆರೂಕಾಲಿಗೆ ಅದರ ಕೊಂಡಿ ಪಾಲಕರ ಗುಂಪಿನಲ್ಲಿತ್ತು.